ನಾಯಿಗೂ ಪಥ್ಯ

ಕನ್ನಡದಲ್ಲಿ ಬೈಗುಳಕ್ಕೇನೂ ಕೊರತೆಯಿಲ್ಲ. ಅವುಗಳ ನಡುವೆ ‘ಕಜ್ಜಿ ನಾಯಿ’ಗೆ ತನ್ನದೇ ಆದ ಸ್ಥಾನವಿದೆ. ಕೂದಲು ಉದುರಿ, ಚರ್ಮ ಕೆಂಪೇರಿ, ಹಗಲಿರುಳೆನ್ನದೆ ಕೆರೆದುಕೊಳ್ಳುತ್ತ ಕೂತ ನಾಯಿಯನ್ನು ಕಂಡರೆ ಎಂಥ ಸಾಧು ಮನುಷ್ಯನೂ ಕಲ್ಲು ಹುಡುಕುತ್ತಾನೆ. ಬೀದಿ ನಾಯಿಯ ಪಾಡು ಹಾಗಿರಲಿ, ಮನೆಯಲ್ಲಿ ಹೆಸರಿಟ್ಟು ಸಾಕಿದ ನಾಯಿಗೂ ಈ ಗತಿ ಬರುವುದುಂಟು. ಮೊದಲು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ದನದ ಕೊಟ್ಟಿಗೆಗೆ, ಕೊನೆಗೊಂದು ದಿನ ಯಾರದೋ ಟಂಟಂ ಗಾಡಿಯಲ್ಲಿ ಊರಾಚೆಗೆ. ಶಾಲೆಯಿಂದ ಬಂದ ಮಗು ನಾಯಿ ಎಲ್ಲಿ ಎಂದು ಕೇಳಿದರೆ ‘ಓಡಿಹೋಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. (ಹೀಗೆ ಹಸಿವು ನೀರಡಿಕೆಗೆ ಈಡುಮಾಡಿ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಹಲವರಿಗೆ ಗೊತ್ತೇ ಇಲ್ಲ.)

ಇಂಥ ನಾಯಿಗಳಲ್ಲಿ ಬಹುಪಾಲಿನವಕ್ಕೆ ಇರುವುದು ನಿಜವಾದ ಕಜ್ಜಿ, ಇಲ್ಲವೇ ಚಿಗಟ, ಉಣ್ಣೆಗಳ ಕಾಟ. ಆದರೆ ಕೆಲವಕ್ಕೆ ಕಾರಣ ಮೈಮೇಲಿರುವುದಿಲ್ಲ, ಉಣ್ಣುವ ತಟ್ಟೆಯಲ್ಲಿರುತ್ತದೆ. ಅದೇ ಆಹಾರದ ಅಲರ್ಜಿ. ಪಶುವೈದ್ಯರ ಬಳಿಗೆ ಬರುವ ನೂರು ನಾಯಿಗಳಲ್ಲಿ ಒಂದೆರಡಕ್ಕೆ ಇದು ಇರುತ್ತದೆ ಎನ್ನುತ್ತಾರೆ. ತುರಿಕೆಯೆಂದೇ ಬಂದ ನಾಯಿಗಳನ್ನಷ್ಟೇ ಲೆಕ್ಕ ಹಿಡಿದರೆ ಪ್ರಮಾಣ ಇನ್ನೂ ಹೆಚ್ಚು. ಈ ನಾಯಿಗಳ ಚಿಕಿತ್ಸೆ ಔಷಧಿ ಅಂಗಡಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ. ಅದರಲ್ಲಿ ದೊಡ್ಡವರಿಗಿಂತ ಮಕ್ಕಳ ಪಾತ್ರವೇ ದೊಡ್ಡದು. ಈ ವಾರ ಈ ಅಂಕಣ ಅದಕ್ಕೇ ಮೀಸಲು.

ಮೊದಲು ಕಜ್ಜಿಯೋ ಅಲರ್ಜಿಯೋ ಎಂಬುದು ತಿಳಿಯಬೇಕು. ಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಅದು ಸಾಮಾನ್ಯವಾಗಿ ಕಿವಿಯ ಅಂಚು, ಮೊಣಕೈಗಳಿಂದ ಶುರುವಾಗುತ್ತದೆ. ಪಕ್ಕದ ನಾಯಿಗೂ ಹರಡುತ್ತದೆ, ಎತ್ತಿಕೊಂಡ ಮಕ್ಕಳಿಗೂ ಕೆಲವು ದಿನ ತುರಿಕೆ ತರಬಲ್ಲದು. ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚಿಗಟದ ತುರಿಕೆ ಹೆಚ್ಚಾಗಿ ಬಾಲದ ಬುಡದಲ್ಲಿ, ಸೊಂಟದ ಮೇಲೆ. ಆಹಾರದ ಅಲರ್ಜಿಯ ನಾಯಿ ಮಳೆಗಾಲ ಬೇಸಿಗೆಯೆನ್ನದೆ ವರ್ಷವಿಡೀ ಕೆರೆದುಕೊಳ್ಳುತ್ತದೆ. ಪಾದಗಳನ್ನು ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಳ್ಳುತ್ತದೆ. ಕಂಕುಳು, ತೊಡೆಸಂದು, ಗುದದ ಸುತ್ತ ಚರ್ಮ ಕೆಟ್ಟಿರುತ್ತದೆ. ಎಷ್ಟು ಔಷಧಿ ಹಾಕಿದರೂ ಕಿವಿ ಮತ್ತೆ ಮತ್ತೆ ಸೋರುತ್ತದೆ. ಕೆಲವಕ್ಕೆ ಭೇದಿಯೂ ಇರಬಹುದು. ಇದು ಯಾವ ವಯಸ್ಸಿನಲ್ಲಾದರೂ ಬರಬಹುದು, ಒಂದು ವರ್ಷ ತುಂಬುವ ಮೊದಲೇ ಬರುವುದೂ ಸಾಮಾನ್ಯ. ಮುಖ್ಯವಾದ ಸಂಗತಿಯೆಂದರೆ ಇದು ಯಾರಿಗೂ ಅಂಟುವುದಿಲ್ಲ. ನೆರೆಯವರು ‘ಮಕ್ಕಳಿಗೆ ಅಂಟೀತು, ಬಿಟ್ಟು ಬನ್ನಿ’ ಎಂದಾಗ ಈ ಮಾತು ನೆನಪಿರಲಿ.

ಇಲ್ಲೇ ಇನ್ನೊಂದು ಎಚ್ಚರಿಕೆ. ನಮ್ಮ ಕಡೆ ನಾಯಿಗೆ ತುರಿಕೆಯಾದರೆ ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಬಳಿಯುವ ರೂಢಿಯಿದೆ. ಅದರಲ್ಲಿರುವ ವಿಷ ಚರ್ಮದೊಳಕ್ಕೆ ಇಳಿಯುತ್ತದೆ, ನಾಯಿ ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಸೀಮೆಎಣ್ಣೆಯೂ ಅಷ್ಟೆ. ದಯವಿಟ್ಟು ಬೇಡ.

ಇನ್ನು ಅಲರ್ಜಿ ಎಂದರೇನು? 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಈ ಪದವನ್ನು ಸೃಷ್ಟಿಸಿದ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ಕಾವಲು ಪಡೆ ನಿರಪರಾಧಿ ವಸ್ತುವೊಂದನ್ನು ಶತ್ರುವೆಂದು ತಿಳಿದು ಮೇಲೆ ಬೀಳುವುದೇ ಅಲರ್ಜಿ. ಆಹಾರದಲ್ಲಿ ಆ ವಸ್ತು ಹೆಚ್ಚಾಗಿ ಪ್ರೋಟೀನು. ಶತ್ರುವೆಂದು ಗುರುತು ಹಿಡಿಯಬೇಕಾದರೆ ಪಡೆಗೆ ಮೊದಲು ಅದರ ಪರಿಚಯವಾಗಿರಬೇಕಷ್ಟೆ? ಆದ್ದರಿಂದ ನಾಯಿ ಎಂದೂ ತಿನ್ನದ ಪದಾರ್ಥಕ್ಕೆ ಅಲರ್ಜಿ ಬರುವುದಿಲ್ಲ. ಬರುವುದು ದಿನವೂ ತಿನ್ನುವ ಪದಾರ್ಥಕ್ಕೆ. ‘ಹೊಸದೇನೂ ಹಾಕಿಲ್ಲ, ನಾಲ್ಕು ವರ್ಷದಿಂದ ಅದೇ ಹಾಲು-ರೊಟ್ಟಿ’ ಎಂದು ಹಲವರು ವಾದಿಸುತ್ತಾರೆ. ಸಂಶಯಪಡಬೇಕಾದದ್ದು ನಾಲ್ಕು ವರ್ಷದ ಆ ಹಾಲನ್ನೇ! ಹೊಸ ನೆಂಟನೊಡನೆ ಯಾರೂ ಜಗಳವಾಡುವುದಿಲ್ಲ, ಜಗಳವೇನಿದ್ದರೂ ನಿತ್ಯ ಮನೆಗೆ ಬರುವವರ ಜೊತೆ.

2016ರಲ್ಲಿ ಮೂವರು ತಜ್ಞರು ಅದುವರೆಗೆ ಪ್ರಕಟವಾದ ವರದಿಗಳಿಂದ 297 ಅಲರ್ಜಿ ನಾಯಿಗಳ ವಿವರ ಕಲೆಹಾಕಿದರು. ದನದ ಮಾಂಸಕ್ಕೆ ಅಲರ್ಜಿಯಿದ್ದವು ಶೇಕಡಾ 34, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ 17, ಕೋಳಿಗೆ 15, ಗೋಧಿಗೆ 13, ಕುರಿಮರಿಯ ಮಾಂಸಕ್ಕೆ 5. ಮೀನು, ಅಕ್ಕಿ ತೀರಾ ಕೆಳಗೆ. ಈ ಪಟ್ಟಿಯನ್ನು ಯಾವ ಆಹಾರ ಕೆಟ್ಟದ್ದು ಎಂಬ ಪಟ್ಟಿಯೆಂದು ಓದಬಾರದು. ಪಾಶ್ಚಾತ್ಯ ದೇಶಗಳ ನಾಯಿಗಳು ಹೆಚ್ಚಾಗಿ ಏನು ತಿನ್ನುತ್ತವೆ ಎಂಬುದರ ಪಟ್ಟಿಯೂ ಇದೇ. ನಮ್ಮ ನಾಯಿಗಳ ಪಟ್ಟಿಯನ್ನು ನಮ್ಮ ಅಡುಗೆಮನೆಗಳಲ್ಲೇ ಹುಡುಕಬೇಕು.

ಕೊಪ್ಪಳ ಜಿಲ್ಲೆಯನ್ನೇ ನೋಡಿ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ಆಮೇಲೆ ಕನಕಗಿರಿ, ಕಾರಟಗಿ, ಕುಕನೂರು ಸೇರಿಕೊಂಡವು. ನಾಲ್ಕು ಹಳೆಯ ತಾಲ್ಲೂಕುಗಳಲ್ಲೇ ಊಟ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಕಣಜ. ಅಲ್ಲಿಯ ನಾಯಿಗೆ ಎರಡು ಹೊತ್ತೂ ಅನ್ನ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನುಚ್ಚು. ಮಾಂಸ ತಿನ್ನದ ಮನೆಯಾದರೆ ಅದಕ್ಕೆ ಹಾಲು, ಇಲ್ಲವೆ ಮಜ್ಜಿಗೆ. ಕೊಪ್ಪಳ ಪಟ್ಟಣದ ನಾಯಿಗೆ ಬೇಕರಿಯ ಬ್ರೆಡ್ಡು, ಕೋಳಿ ಅಂಗಡಿಯ ಕಾಲು-ತಲೆ. ಊರು ಯಾವುದಾದರೂ ಸರಿ, ಮಕ್ಕಳ ಕೈಯಿಂದ ಗ್ಲೂಕೋಸ್ ಬಿಸ್ಕತ್ತು ಮಾತ್ರ ತಪ್ಪುವುದಿಲ್ಲ. ಆ ಬಿಸ್ಕತ್ತಿನಲ್ಲಿ ಇರುವುದು ಗೋಧಿ ಮತ್ತು ಹಾಲಿನ ಪುಡಿ, ಅಂದರೆ ಮೇಲಿನ ಪಟ್ಟಿಯ ಇಬ್ಬರು ಆಪಾದಿತರು ಒಂದೇ ಪೊಟ್ಟಣದಲ್ಲಿ.

‘ನಾಯಿ ಮಾಂಸಾಹಾರಿ, ಅದಕ್ಕೆ ಅನ್ನ ರೊಟ್ಟಿ ಹಾಕುವುದೇ ತಪ್ಪು, ಅದಕ್ಕೇ ತುರಿಕೆ’ ಎನ್ನುವವರೂ ಇದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟ ಜೀರ್ಣಿಸುವ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ 4ರಿಂದ 30ರವರೆಗೆ! ಮನುಷ್ಯನ ಒಲೆಯ ಪಕ್ಕ ಸಾವಿರಾರು ವರ್ಷ ಕೂತದ್ದರ ಫಲ ಇದು. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಈ ಬೇಟೆ ನಾಯಿಯನ್ನು ಹಳ್ಳಿಗರು ಸಾಕಿ ಬೆಳೆಸಿದ್ದು ಜೋಳ, ಗೋವಿನಜೋಳದ ಗಂಜಿ ಮತ್ತು ಹಾಲಿನ ಮೇಲೆ. ಅದರ ಓಟವೇನೂ ಕುಂದಲಿಲ್ಲ. ರೊಟ್ಟಿ ಸಾಮಾನ್ಯವಾಗಿ ನಾಯಿಯ ಶತ್ರುವಲ್ಲ. ಶತ್ರು ಯಾವುದು ಎಂಬುದು ನಾಯಿಯಿಂದ ನಾಯಿಗೆ ಬೇರೆ, ಪತ್ತೆ ಹಚ್ಚಬೇಕಾದದ್ದೂ ಒಂದೊಂದು ನಾಯಿಗೂ ಪ್ರತ್ಯೇಕವಾಗಿ.

ಪತ್ತೆ ಹೇಗೆ? ರಕ್ತ ಪರೀಕ್ಷೆ ಮಾಡಿಸಿದರಾಯಿತು ಎಂದುಕೊಳ್ಳುವವರು ಬಹಳ. ರಕ್ತ, ಜೊಲ್ಲು, ಕೂದಲು ನೋಡಿ ಆಹಾರದ ಅಲರ್ಜಿ ಹೇಳುತ್ತೇವೆನ್ನುವ ಪರೀಕ್ಷೆಗಳು ಪೇಟೆಯಲ್ಲಿವೆ, ಆದರೆ ಅವು ನಂಬಲರ್ಹವಲ್ಲ. ಆರೋಗ್ಯವಂತ ನಾಯಿಯ ಜೊಲ್ಲು ಕಳಿಸಿದರೂ ಅಲರ್ಜಿ ಇದೆ ಎಂದು ಉತ್ತರ ಬರಬಹುದು. ನಂಬಬಹುದಾದ ದಾರಿ ಒಂದೇ, ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿದ್ದ ಪಥ್ಯ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಜೊತೆಗೆ ಒಂದೇ ಧಾನ್ಯ. ಎಂಟು ವಾರ ಅದರ ಹೊರತು ಬೇರೇನೂ ಬಾಯಿಗೆ ಹೋಗಬಾರದು. ಎಂಟೇ ವಾರ ಏಕೆಂದರೆ, ಅಲರ್ಜಿಯಿರುವ ನಾಯಿಗಳಲ್ಲಿ ಐದು ವಾರದೊಳಗೆ ಶೇಕಡಾ 80ಕ್ಕೂ ಹೆಚ್ಚು, ಎಂಟು ವಾರದೊಳಗೆ 90ಕ್ಕೂ ಹೆಚ್ಚು ಗುಣ ಕಾಣುತ್ತವೆ. ಎರಡು ವಾರ ನೋಡಿ ‘ಏನೂ ಆಗಲಿಲ್ಲ’ ಎಂದು ಕೈಬಿಡುವುದು ಪರೀಕ್ಷೆಯ ಮೊದಲ ಗಂಟೆಗೇ ಉತ್ತರಪತ್ರಿಕೆ ಕೊಟ್ಟು ಎದ್ದು ಬಂದಂತೆ.

ಪಥ್ಯದ ಆಹಾರ ಆರಿಸುವ ಮೊದಲು ನಾಯಿ ಇದುವರೆಗೆ ತಿಂದದ್ದನ್ನೆಲ್ಲ ಪಟ್ಟಿ ಮಾಡಬೇಕು. ಇದು ಮಕ್ಕಳ ಕೆಲಸ. ಏಕೆಂದರೆ ನಾಯಿಗೆ ಕದ್ದು ಏನೇನು ತಿನ್ನಿಸಿದ್ದೇವೆಂಬ ಗುಟ್ಟು ಅವರಿಗೇ ಗೊತ್ತು! ತಂದೆ-ತಾಯಿ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಟ್ಟರೆ ಪಟ್ಟಿ ಪೂರ್ಣವಾಗುತ್ತದೆ.

ಮಾಂಸಾಹಾರದ ಮನೆಯಾಗಿದ್ದು ನಾಯಿ ಮೀನು ತಿಂದಿರದಿದ್ದರೆ ಕೆಲಸ ಸುಲಭ. ಮುನಿರಾಬಾದಿನ ತುಂಗಭದ್ರಾ ಜಲಾಶಯದ ರೋಹು, ಕಾಟ್ಲಾ ನಮ್ಮಲ್ಲಿ ಸಿಗುತ್ತವೆ. ಮೀನು ಮತ್ತು ಅನ್ನ ಒಳ್ಳೆಯ ಜೋಡಿ. ಸುಮಾರು 15 ಕಿಲೋ ತೂಗುವ ದೊಡ್ಡ ನಾಯಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಅನ್ನ, ಮುಳ್ಳು ತೆಗೆದ 300 ಗ್ರಾಂ ಬೇಯಿಸಿದ ಮೀನು, ಒಂದು ಚಮಚ ಸೂರ್ಯಕಾಂತಿ ಎಣ್ಣೆ ಎಂದು ಶುರುಮಾಡಿ, ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚುಕಡಿಮೆ ಮಾಡಬಹುದು. ಉಪ್ಪು, ಕಾರ, ಮಸಾಲೆ ಬೇಡ. ಈರುಳ್ಳಿ ಬೆಳ್ಳುಳ್ಳಿಯಂತೂ ಪಥ್ಯವಿರಲಿ ಇಲ್ಲದಿರಲಿ ನಾಯಿಗೆ ವಿಷ, ರಕ್ತದ ಕಣಗಳನ್ನು ಒಡೆಯುತ್ತವೆ. ಕೋಳಿಯೇ ಕಾರಣವಿರಬಹುದೆಂದು ಬಲವಾದ ಸಂಶಯವಿದ್ದರೆ ಮೀನಿನ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ. ಇವೆರಡರ ಕೆಲವು ಪ್ರೋಟೀನುಗಳು ಒಂದನ್ನೊಂದು ಹೋಲುತ್ತವೆ. ಹಾಗೆಯೇ ಹಾಲು, ದನದ ಮಾಂಸ, ಕುರಿ ಮಾಂಸಗಳಿಗೂ ನೆಂಟಸ್ತಿಕೆಯಿದೆ. ಹಾಲಿನ ಮೇಲೆ ಸಂಶಯವಿರುವ ನಾಯಿಗೆ ಮಟನ್ ಕೊಟ್ಟು ಪಥ್ಯ ಮಾಡಿದರೆ ಉತ್ತರ ತಪ್ಪಬಹುದು.

ಕಷ್ಟವಿರುವುದು ಸಸ್ಯಾಹಾರದ ಮನೆಗಳಲ್ಲಿ, ನಮ್ಮ ಭಾಗದಲ್ಲಿ ಅಂಥ ಮನೆಗಳು ಬಹಳ. ಅಲ್ಲಿ ನಾಯಿಗೆ ಸಿಗುವ ಒಂದೇ ಪ್ರಾಣಿಜನ್ಯ ಪ್ರೋಟೀನು ಹಾಲು. ಅದೇ ಮುಖ್ಯ ಆಪಾದಿತ. ‘ಸರಿ, ಹಾಲು ಬಿಟ್ಟು ಮಜ್ಜಿಗೆ ಹಾಕುತ್ತೇವೆ’ ಎನ್ನುತ್ತಾರೆ ತಾಯಂದಿರು. ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುವ ನಾಯಿಗೆ ಮಜ್ಜಿಗೆ ಸ್ವಲ್ಪ ಹಗುರವಾದೀತು, ಆದರೆ ಅದು ಅಲರ್ಜಿಯಲ್ಲ, ಬೇರೆ ತೊಂದರೆ. ಅಲರ್ಜಿ ಹಾಲಿನ ಪ್ರೋಟೀನಿಗೆ. ಅದು ಮೊಸರು, ಮಜ್ಜಿಗೆಯಲ್ಲಿ ಹಾಗೆಯೇ ಇರುತ್ತದೆ, ತುಪ್ಪದಲ್ಲೂ ಲೇಶ ಉಳಿದಿರಬಹುದು. ಇಂಥ ಮನೆಯ ದೊಡ್ಡ ವಯಸ್ಸಿನ, ಬೇರೆ ಕಾಯಿಲೆಯಿಲ್ಲದ ನಾಯಿಗೆ, ಹಿಂದೆ ತಿಂದಿರದ ಸೋಯಾ ಅಥವಾ ಯಾವುದಾದರೊಂದು ಬೇಳೆಯನ್ನು ಚೆನ್ನಾಗಿ ಬೇಯಿಸಿ ಅನ್ನದೊಡನೆ ಕೊಟ್ಟು ಎಂಟು ವಾರ ಕಳೆಯಬಹುದು. ಇದನ್ನು ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು. ಮರಿಗಳಿಗೆ, ಗಬ್ಬದ ನಾಯಿಗೆ ಇಂಥ ಮನೆ ಪಥ್ಯ ಸಲ್ಲದು. ಅವಕ್ಕೆ, ಕಾವಲು ಪಡೆ ಗುರುತು ಹಿಡಿಯದಷ್ಟು ಸಣ್ಣದಾಗಿ ಪ್ರೋಟೀನನ್ನು ತುಂಡರಿಸಿ ಮಾಡಿದ ಸಿದ್ಧ ಆಹಾರವಿದೆ, ವೈದ್ಯರೇ ಬರೆದುಕೊಡುತ್ತಾರೆ. ಬೆಲೆ ಮಾತ್ರ ದುಬಾರಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚೀಲದ ಆಹಾರದಿಂದ ಪಥ್ಯ ಮಾಡಬೇಡಿ. ಹೊರಗೆ ‘ಮೀನು’ ಎಂದು ಬರೆದ ಚೀಲಗಳಲ್ಲಿ ಚೀಟಿಯಲ್ಲಿಲ್ಲದ ಬೇರೆ ಮಾಂಸಗಳು ಪರೀಕ್ಷೆಯಲ್ಲಿ ಸಿಕ್ಕಿವೆ. ಒಂದು ಕಂಪನಿಯ ಚೀಲದಿಂದ ಇನ್ನೊಂದಕ್ಕೆ ಹಾರುವವರ ನಾಯಿ ಹಾಗೆಯೇ ತುರಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

ಧಾನ್ಯದಲ್ಲಿ ಜೋಳವೋ ಅಕ್ಕಿಯೋ? ಜೋಳದ ರೊಟ್ಟಿಗೆ ನಮ್ಮ ವಿರೋಧವಿಲ್ಲ, ಒಂದು ತೊಡಕಿದೆ ಅಷ್ಟೆ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಿಮ್ಮ ಜೋಳ ಸುರಿದರೆ ಮೊದಲ ಹಿಟ್ಟಿನಲ್ಲಿ ಗೋಧಿ ಬೆರೆತಿರುತ್ತದೆ. ಪಥ್ಯದ ಎಂಟು ವಾರ ಅನ್ನವೇ ನಿಶ್ಚಿಂತೆ. ಜೋಳವೇ ಬೇಕೆಂದರೆ ಮನೆಯಲ್ಲಿ ಒಡೆದ ನುಚ್ಚು ಬೇಯಿಸಿ.

ಆಹಾರ ಆರಿಸುವುದು ಒಂದು ದಿನದ ಕೆಲಸ. ಐವತ್ತಾರು ದಿನ ಅದನ್ನು ಕಾಯುವುದೇ ನಿಜವಾದ ಪರೀಕ್ಷೆ. ‘ಪಾಪ, ಹೇಗೆ ನೋಡುತ್ತದೆ’ ಎಂದು ಅಜ್ಜ ಎಸೆದ ಅರ್ಧ ಬಿಸ್ಕತ್ತು ಸಾಕು, ವಾರಗಟ್ಟಲೆ ಶ್ರಮ ನೀರಾಗುತ್ತದೆ. ಬೆಕ್ಕಿನ ಬಟ್ಟಲಲ್ಲಿ ಉಳಿದ ಹಾಲು, ಕೂಸು ಚೆಲ್ಲಿದ ಉಪ್ಪಿಟ್ಟು, ತಿಪ್ಪೆಯ ಕೋಳಿಮೂಳೆ ಎಲ್ಲವೂ ಲೆಕ್ಕಕ್ಕೆ. ಮಾಂಸದ ರುಚಿ ಸೇರಿಸಿದ ಜಂತುಹುಳದ ಮಾತ್ರೆ, ಅಗಿಯುವ ಉಣ್ಣೆ ಮಾತ್ರೆಗಳೂ ಲೆಕ್ಕಕ್ಕೆ. ರುಚಿಯಿಲ್ಲದ ಮಾತ್ರೆ ಕೇಳಿ ಪಡೆಯಿರಿ, ಬೆಲ್ಲದಲ್ಲಿಟ್ಟು ಕೊಡಿ. ಹಳ್ಳಿಯ ನಾಯಿಗೆ ನಾಲ್ಕು ಮನೆಯ ಊಟ, ಆದ್ದರಿಂದ ಪಥ್ಯದ ದಿನಗಳಲ್ಲಿ ಅದನ್ನು ಬಿಡಾಡಿ ಬಿಡುವಂತಿಲ್ಲ. ಹಗ್ಗ ಹಿಡಿದು ಬೆಳಗು ಸಂಜೆ ತಿರುಗಾಡಿಸಬೇಕು. ಓಣಿಯ ಮನೆಗಳಿಗೆಲ್ಲ ಹೋಗಿ ‘ನಮ್ಮ ನಾಯಿಗೆ ಏನೂ ಹಾಕಬೇಡಿ’ ಎಂದು ಹೇಳಿ ಬರುವ ಕೆಲಸವನ್ನೂ ಮಕ್ಕಳಿಗೇ ಬಿಡಿ. ದೊಡ್ಡವರು ಹೇಳಿದರೆ ಬಿಗುಮಾನವೆನ್ನುತ್ತಾರೆ, ಮಕ್ಕಳು ಹೇಳಿದರೆ ಕೇಳುತ್ತಾರೆ. ಪಥ್ಯ ಶುರುಮಾಡುವ ದಿನವನ್ನೂ ಯೋಚಿಸಿ ಇಟ್ಟುಕೊಳ್ಳಿ. ಜನವರಿಯ ಹೊತ್ತಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬರುತ್ತದೆ. ಮನೆ ತುಂಬ ನೆಂಟರು, ದಾಸೋಹದಿಂದ ತಂದ ರೊಟ್ಟಿ, ಮಾದಲಿ, ಮಿರ್ಚಿ. ಆಗ ನಾಯಿಯ ಬಾಯಿ ಕಾಯುವುದು ಯಾರಿಂದಲೂ ಸಾಧ್ಯವಿಲ್ಲ. ಅದು ಮುಗಿದ ಮೇಲೆ ಆರಂಭಿಸಿ.

ಶುರುವಿನಲ್ಲಿ ತುರಿಕೆ ತೀವ್ರವಿದ್ದರೆ ವೈದ್ಯರು ಕೆಲವು ದಿನ ಸ್ಟೆರಾಯ್ಡ್ ಕೊಡಬಹುದು. ಆದರೆ ಅದರ ಪ್ರಭಾವವಿರುವವರೆಗೆ ಯಾವ ನಾಯಿಯಾದರೂ ಗುಣವಾದಂತೆಯೇ ಕಾಣುತ್ತದೆ. ಅದನ್ನು ನಿಲ್ಲಿಸಿದ ಮೇಲೂ ಕನಿಷ್ಠ ಎರಡು ವಾರ ಪಥ್ಯದಲ್ಲಿ ತುರಿಕೆ ಮರುಕಳಿಸದಿದ್ದರೆ ಮಾತ್ರ ಪಥ್ಯಕ್ಕೆ ಅಂಕ ಕೊಡಬೇಕು. ಉಣ್ಣೆ ಚಿಗಟಗಳ ಔಷಧಿ ಈ ಅವಧಿಯುದ್ದಕ್ಕೂ ನಡೆಯುತ್ತಿರಲಿ. ಇಲ್ಲವಾದರೆ ಕೆರೆತ ಚಿಗಟದ್ದೋ ಊಟದ್ದೋ ತಿಳಿಯುವುದೇ ಇಲ್ಲ.

ವಿದ್ಯಾರ್ಥಿಗಳೇ, ಒಂದು ನೋಟ್‌ಬುಕ್ ಇಡಿ. ದಿನವೂ ಒಂದೇ ಹೊತ್ತಿಗೆ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಕಿವಿ, ಪಾದ, ಹೊಟ್ಟೆಗೆ ಬೇರೆ ಬೇರೆ ಅಂಕಣ ಇರಲಿ. ಏನು ತಿಂದಿತು, ಎಷ್ಟು, ಏನಾದರೂ ಕದ್ದಿತೇ ಎಂಬುದನ್ನೂ ಬರೆಯಿರಿ. ಕದ್ದದ್ದನ್ನು ಮುಚ್ಚಿಡಬೇಡಿ. ಒಂದು ಸಂಗತಿಯನ್ನಷ್ಟೇ ಬದಲಿಸಿ ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಪರಿಣಾಮ ನೋಡುವುದೇ ಪ್ರಯೋಗ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಇದು ಅಂಥದ್ದೇ, ಪ್ರಯೋಗಶಾಲೆಯ ಬದಲು ಹಿತ್ತಲಲ್ಲಿ ನಡೆಯುತ್ತದೆ ಅಷ್ಟೆ.

ಎಂಟು ವಾರ ಕಳೆದು ನಾಯಿ ಗುಣವಾಯಿತೆನ್ನಿ. ಇಲ್ಲಿ ತಂದೆ-ತಾಯಿಗಳು ತಡೆಯುವ ಒಂದು ಹೆಜ್ಜೆ ಉಳಿದಿದೆ. ಹಳೆಯ ಊಟವನ್ನು ಮತ್ತೆ ಹಾಕಿ ನೋಡಬೇಕು. ‘ವಾಸಿಯಾದದ್ದನ್ನು ಯಾಕೆ ಕೆಡಿಸಬೇಕು’ ಎಂಬ ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಹವಾಮಾನ ಬದಲಾಗಿಯೋ ಚಿಗಟ ಹೋಗಿಯೋ ಗುಣವಾಗಿದ್ದರೆ? ಆಗ ನಿರಪರಾಧಿ ಹಾಲನ್ನು ಜೀವನಪೂರ್ತಿ ದೂರವಿಟ್ಟಂತಾಗುತ್ತದೆ. ಹಳೆಯ ಊಟ ಹಾಕಿದ ಎರಡು ವಾರದೊಳಗೆ, ಹಲವು ಸಲ ಒಂದೆರಡು ದಿನದಲ್ಲೇ, ತುರಿಕೆ ಮರಳಿದರೆ ಅಲರ್ಜಿ ಖಚಿತ. ಕೂಡಲೇ ಪಥ್ಯಕ್ಕೆ ಹಿಂತಿರುಗಿ. ಶಾಂತವಾದ ಮೇಲೆ ಒಂದೊಂದೇ ಪದಾರ್ಥವನ್ನು, ಮೊದಲು ಹಾಲು, ಎರಡು ವಾರ ಬಿಟ್ಟು ಗೋಧಿ, ಆಮೇಲೆ ಕೋಳಿ, ಹೀಗೆ ಸೇರಿಸಿ ನೋಡುತ್ತ ಹೋದರೆ ಅಪರಾಧಿಯ ಹೆಸರು ನೋಟ್‌ಬುಕ್ಕಿನಲ್ಲೇ ಸಿಗುತ್ತದೆ. ಎಂಟು ವಾರ ಕಟ್ಟುನಿಟ್ಟಾಗಿ ನಡೆದೂ ತುರಿಕೆ ಒಂದಿಷ್ಟೂ ಇಳಿಯದಿದ್ದರೆ ಆಹಾರ ಕಾರಣವಲ್ಲ. ಧೂಳು, ಪರಾಗಗಳ ಅಲರ್ಜಿಯ ಕಡೆ ವೈದ್ಯರು ನೋಡುತ್ತಾರೆ. ತಾಲ್ಲೂಕು ಪಶು ಆಸ್ಪತ್ರೆಗೆ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಪಕ್ಕದ ಗದಗಿನಲ್ಲಿ ಪಶುವೈದ್ಯ ಕಾಲೇಜೂ ಇದೆ.

ಅಪರಾಧಿ ಹಾಲು ಎಂದಾದರೆ ಅದೊಂದನ್ನು, ಅದು ಬೆರೆತ ಬಿಸ್ಕತ್ತನ್ನು ಬಿಟ್ಟರಾಯಿತು. ಜೋಳದ ರೊಟ್ಟಿ ಮತ್ತೆ ತಟ್ಟೆಗೆ ಬರಬಹುದು. ಮೊಟ್ಟೆ ಒಗ್ಗುವುದಾದರೆ ಪ್ರೋಟೀನಿನ ಚಿಂತೆ ಬಹುಮಟ್ಟಿಗೆ ತೀರುತ್ತದೆ. ಆದರೆ ಪಥ್ಯದ ಅನ್ನ-ಮೀನನ್ನೇ, ಅನ್ನ-ಬೇಳೆಯನ್ನೇ ವರ್ಷಗಟ್ಟಲೆ ಮುಂದುವರಿಸಬೇಡಿ. ಅದರಲ್ಲಿ ಸುಣ್ಣದಂಶ ಸಾಲದು, ಕೆಲವು ಜೀವಸತ್ವ, ಖನಿಜಗಳೂ ಸಾಲವು. ಎಂಟು ವಾರಕ್ಕೆ ದೊಡ್ಡ ನಾಯಿ ತಡೆದುಕೊಳ್ಳುತ್ತದೆ, ಬೆಳೆಯುವ ಮರಿಯ ಕಾಲುಗಳಾದರೆ ಸೊಟ್ಟಗಾಗುತ್ತವೆ. ನಾಯಿಯ ತೂಕ ಹೇಳಿ ಎಷ್ಟು ಕ್ಯಾಲ್ಸಿಯಂ, ಯಾವ ಪುಡಿ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಮೊಟ್ಟೆಯ ಚಿಪ್ಪು ಒಣಗಿಸಿ ನುಣ್ಣಗೆ ಪುಡಿಮಾಡಿ ಹಾಕುವುದೂ ಒಂದು ದಾರಿ, ಮೊಟ್ಟೆ ಆ ನಾಯಿಗೆ ಒಗ್ಗುತ್ತದೆಂದು ನೋಟ್‌ಬುಕ್ಕಿನಲ್ಲಿ ದಾಖಲಾದ ಮೇಲೆ.